‘ನಿಮ್ಮ ಮಗ ಅಲ್ಲ’ ಎಂದವರು

ನಮ್ಮ ಡಾಕ್ಟರಬಾಯಿ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಧಾರವಾಡದಲ್ಲಿ ಅವರ ಅಂತ್ಯಕ್ರಿಯೆ ಮುಗಿದುಹೋಗಿತ್ತು. ಹೋಗಿ ಬರುವ ಕೆಲಸ ಉಳಿಯಲಿಲ್ಲ. ಆದ್ದರಿಂದ ಬರೆಯಲು ಕುಳಿತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಂದು ಮನೆಯ ನೋವು ಬೀದಿಗೆ ಬರುತ್ತದೆ. ಆ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಸೈನ್ಯದ ಆಸ್ಪತ್ರೆಗಳಲ್ಲಿ ಎಕ್ಸರೇ ತೆಗೆಯುವ ಕೆಲಸ ಮಾಡಿ ಸುಬೇದಾರನಾಗಿ ನಿವೃತ್ತನಾದವನು. ಊರು ರಾಣೆಬೆನ್ನೂರು. ನಿವೃತ್ತಿಯ ನಂತರ ಮನೆಯಲ್ಲಿ ಕೂರಲಾಗದೆ ಹಾವೇರಿಯ ಒಂದು ಆಸ್ಪತ್ರೆಯ ಸಿಟಿ ಸ್ಕ್ಯಾನ್ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ದಿನವೂ ಒಂದೇ ಬಸ್ಸು, ಒಂದೇ ಹೊತ್ತು, ಒಂದೇ ಕ್ರಮ. ಬಾಗಿಲು ತೆರೆ, ನೆಲ ಒರೆಸು, ಯಂತ್ರ ಪರೀಕ್ಷಿಸು, ರೋಗಿಯನ್ನು ಕರೆ. ಈ ಕ್ರಮ ತಪ್ಪಿಸುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಡಾಕ್ಟರಬಾಯಿ ಬಂದ ಮೊದಲ ದಿನವೇ ಅದನ್ನು ತಪ್ಪಿಸಿದರು.

ಅವರು ವಿಧಿವಿಜ್ಞಾನದ ವೈದ್ಯೆ, ಅಂದರೆ ಶವಪರೀಕ್ಷೆ ಮಾಡುವವರು. ಗುರುತು ಸಿಗದ ಶವವನ್ನು ಕೊಯ್ಯುವ ಮುನ್ನ, ಚೀಲದ ಸಮೇತ ಸ್ಕ್ಯಾನ್ ಯಂತ್ರದಲ್ಲಿಟ್ಟು ಎಲುಬು, ಹಲ್ಲುಗಳ ಚಿತ್ರ ತೆಗೆಯುವುದನ್ನು ಅವರು ದೊಡ್ಡ ಊರಿನಲ್ಲಿ ಕಲಿತು ಬಂದಿದ್ದರು. ಬದುಕಿದ್ದಾಗ ತೆಗೆಸಿದ ಎಕ್ಸರೇ ಜೊತೆ ಆ ಚಿತ್ರ ಹೋಲಿಸಿ ಇದು ಇಂಥವರು ಎಂದು ಹೇಳಬಹುದು. ಹಳೆಯ ಮುರಿತ, ತುಂಬಿಸಿದ ಹಲ್ಲು, ಬೆನ್ನೆಲುಬಿನ ಸೊಟ್ಟ, ಎಲ್ಲವೂ ಸಾಕ್ಷಿಗೆ ಬರುತ್ತವೆ. ಆ ವಿದ್ಯೆಯನ್ನು ಸುತ್ತಲಿನ ಜಿಲ್ಲೆಗಳ ಯುವ ವೈದ್ಯರಿಗೆ ಕಲಿಸುವುದು ಅವರ ಆಸೆ. ಯಂತ್ರಕ್ಕೆ ಬಿಡುವು ಇರುವುದು ಭಾನುವಾರ ಮಾತ್ರ. ಹಾಗಾಗಿ ನನ್ನ ಭಾನುವಾರಗಳು ಹೋದವು.

“ಸುಬೇದಾರ್ರ, ರವಿವಾರ ಮನ್ಯಾಗ ಏನ್ ಮಾಡ್ತೀರಿ?” ಎಂದು ಕೇಳಿದರು.

“ಬಟ್ಟಿ ಇಸ್ತ್ರಿ ಮಾಡ್ಕೋತೀನ್ರಿ.”

“ಶನಿವಾರ ಮಾಡ್ಕೊಳ್ರಿ.” ಮಾತು ಮುಗಿಯಿತು.

ಅವರು ಗಿಡ್ಡ ಆಳು. ಹತ್ತಿಯ ಸೀರೆ, ಮೇಲೊಂದು ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಲವಂಗ. ಕುರ್ಚಿಯಲ್ಲಿ ಕುಳಿತ ಕೂಡಲೇ ಚಪ್ಪಲಿ ಬಿಟ್ಟು ಕಾಲು ಮಡಚಿ ಮೇಲಿಡುತ್ತಿದ್ದರು. ನನ್ನ ಯಂತ್ರದ ಕೋಣೆಯಲ್ಲಿ ಹಾಗೆ ಕೂತ ಮೊದಲ ಮನುಷ್ಯರು ಅವರೇ. ಹೇಳಿದರೆ “ಮಷೀನಿಗೆ ನನ್ನ ಕಾಲು ಕಾಣೂದಿಲ್ಲ ಬಿಡ್ರಿ” ಎನ್ನುತ್ತಿದ್ದರು.

ಕಲಿಸುವ ರೀತಿ ಮಾತ್ರ ಕಟ್ಟುನಿಟ್ಟು. ಚಿತ್ರ ಪೂರ್ತಿ ಓದಿ ಮುಗಿಸುವವರೆಗೆ ಶವ ಎಲ್ಲಿ ಸಿಕ್ಕಿತು, ಪೊಲೀಸರಿಗೆ ಯಾರ ಮೇಲೆ ಅನುಮಾನ, ಏನೂ ಶಿಷ್ಯರ ಕಿವಿಗೆ ಬೀಳಕೂಡದು. ಒಮ್ಮೆ ಠಾಣೆಯ ಒಬ್ಬ ಫೌಜದಾರರು ಒಳಗೆ ಬಂದು, “ಮೇಡಂ, ಇದು ಖರೇ ಹೇಳಬೇಕಂದ್ರ ಹೆಂಡ್ತಿ ಪ್ರಕರಣ...” ಎಂದು ಶುರು ಮಾಡಿದರು. ಡಾಕ್ಟರಬಾಯಿ ತಿರುಗಿಯೂ ನೋಡಲಿಲ್ಲ.

“ಸಾಹೇಬ್ರ, ಕಥಿ ಹೊರಗ ಹೇಳ್ರಿ. ಚಹಾದ ಅಂಗಡ್ಯಾಗ ಕೇಳೋ ಮಂದಿ ಭಾಳ ಅದಾರ.”

“ಅಲ್ರೀ, ನಿಮಗ ಅನುಕೂಲ ಆಗ್ಲಿ ಅಂತ ಹೇಳಾಕತ್ತೇನಿ.”

“ಅದಕ್ಕ ಬ್ಯಾಡ ಅನ್ನೂದು. ಅನುಕೂಲ ಆದ್ರ ಕಣ್ಣು ಮುಚ್ಚಿಹೋಗ್ತಾವು.”

ಫೌಜದಾರರು ನನ್ನ ಮುಖ ನೋಡಿದರು. ನಾನು ಬಾಗಿಲು ತೆರೆದು ಹಿಡಿದೆ.

ಇನ್ನೊಂದು ಭಾನುವಾರ ಬ್ಯಾಡಗಿಯಿಂದ ಒಂದು ಚೀಲ ಒಣಮೆಣಸಿನಕಾಯಿ ತರಿಸಿದರು. ಅದರೊಳಗೆ ಒಂದು ಉಂಗುರ, ಅಂಗಿಯ ಗುಂಡಿ, ಕಟ್ಟಿಸಿದ ಹಲ್ಲಿನ ಸೆಟ್ಟು, ಮುರಿದ ಬೀಗದ ಕೈ ಹುದುಗಿಸಿ ಯಂತ್ರದ ಮೇಲೆ ಮಲಗಿಸಿದರು. ಚೀಲ ಬಿಚ್ಚದೆ ಒಳಗೆ ಏನೇನಿದೆ ಎಂದು ಶಿಷ್ಯರು ಹೇಳಬೇಕು. ಘಾಟಿಗೆ ಇಡೀ ಕೋಣೆ ಸೀನತೊಡಗಿತು. ಗದಗ ಕಡೆಯ ಒಬ್ಬ ಹುಡುಗಾಟದ ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, “ಮೇಡಂ, ಕಲಸ್ತೀನಿ ಅಂತ ಕರೆದು ಖಾರ ಕುಟ್ಟಸ್ತೀರೇನ್ರಿ?” ಎಂದರು.

“ಖಾರ ಕುಟ್ಟಾಕ ಬುದ್ಧಿ ಬೇಕಾಗ್ತೈತಿ ತಮ್ಮಾ. ಮೊದಲ ಇದನ್ನ ಕಲಿ.”

ಯಂತ್ರ ಒರೆಸುವಷ್ಟರಲ್ಲಿ ನನಗೂ ಸೀನು ಹಿಡಿದಿತ್ತು. ಸಿಟ್ಟು ಬಂದಿತ್ತು. ಆದರೆ ಆ ಶಿಷ್ಯರು ಮುಂದೆ ಯಾವ ಶವದ ಚೀಲದೊಳಗೂ ಒಂದು ಗುಂಡಿಯನ್ನೂ ಬಿಡದೆ ಹುಡುಕಿದ್ದನ್ನು ನೋಡಿದ್ದೇನೆ.

ಅವರು ಸಡಿಲ ಬಿಟ್ಟದ್ದು ಒಂದೇ ವಿಷಯದಲ್ಲಿ. ಬದುಕಿದ್ದವರನ್ನು ಎದೆಯ ಸ್ಕ್ಯಾನಿಗೆ ಮಲಗಿಸುವಾಗ ತಲೆ ಯಂತ್ರದ ಕಡೆಗೆ ಇರುತ್ತದೆ. ತಲೆ ಇಡಲು ಮೇಜಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿಲು ಇದೆ. ಶವವನ್ನೂ ಹಾಗೆಯೇ ಮಲಗಿಸಿ ಎಂದು ನಾನು ಹೇಳಿದರೆ, ಶವಾಗಾರದಿಂದ ತಳ್ಳಿಕೊಂಡು ಬಂದ ಆಳುಗಳು ಒಪ್ಪಲಿಲ್ಲ. ಅವರಲ್ಲಿ ಹಿರಿಯನಾದವನು ಕೈಕಟ್ಟಿ ನಿಂತುಬಿಟ್ಟ.

“ಸತ್ತವರನ್ನ ತಲಿ ಮುಂದ ಮಾಡಿ ಒಯ್ಯೂದಿಲ್ರೀ ಬಾಯಾರ. ಕಾಲು ಮುಂದ. ನಮ್ಮಪ್ಪನ್ನ ಹಂಗ ಒಯ್ದೇವಿ, ನಮ್ಮನ್ನೂ ಹಂಗ ಒಯ್ಯೂದು.”

ಎಲ್ಲರಿಗೂ ಒಂದೇ ಕ್ರಮ ಇರಬೇಕು ಎಂಬುದು ನನ್ನ ವಾದ. ಡಾಕ್ಟರಬಾಯಿ ಜೇಬಿನಿಂದ ಇನ್ನೊಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು.

“ಇರಲಿ ಬಿಡ್ರಿ ಸುಬೇದಾರ್ರ. ಹೊಲಸು ಕೆಲಸ ಎಲ್ಲಾ ಅವರ ಕಡೆ ಮಾಡಸ್ತೀವಿ. ಇದೊಂದು ಅವರ ಮಾತು ನಡೀಲಿ. ಮಷೀನಿಗೆ ನಾವು ತಿಳಿಸಿ ಹೇಳೂಣು.”

ತಿಳಿಸಿ ಹೇಳುವುದೆಂದರೆ ಇಷ್ಟೇ. ಮಲಗಿದವರ ತಲೆ ಮುಂದಿದೆಯೋ ಕಾಲು ಮುಂದಿದೆಯೋ ಎಂದು ಚಿತ್ರ ತೆಗೆಯುವ ಮುನ್ನ ಯಂತ್ರದಲ್ಲಿ ಗುಂಡಿ ಒತ್ತಿ ನಮೂದಿಸಬೇಕು. ಅದರ ಪ್ರಕಾರ ಯಂತ್ರ ಚಿತ್ರದ ಪಕ್ಕದಲ್ಲಿ ಎಡ, ಬಲ ಎಂಬ ಅಕ್ಷರಗಳನ್ನು ಹಾಕುತ್ತದೆ. ಯಂತ್ರಕ್ಕೆ ಕಣ್ಣಿಲ್ಲ. ನಾವು ಹೇಳಿದ್ದನ್ನು ನಂಬುತ್ತದೆ. ಅಂದಿನಿಂದ ಪ್ರತಿ ಭಾನುವಾರ ಶವಗಳು ಕಾಲು ಮುಂದಾಗಿ ಹೋದವು. ನಾನು ಗುಂಡಿ ಒತ್ತುತ್ತಿದ್ದೆ.

ಮನೆಯವರ ಜೊತೆ ಮಾತಾಡುವಾಗ ಅವರದು ಇನ್ನೊಂದು ಶಿಸ್ತು. ಚಿತ್ರ ನೋಡಿ ಅವರಿಗೆ ಖಾತ್ರಿಯಾಗಿದ್ದರೂ, ಬೆಂಗಳೂರಿಗೆ ಕಳಿಸಿದ ಡಿಎನ್‌ಎ ವರದಿ ಬರುವವರೆಗೆ ಕೊನೆಯ ಮಾತು ಆಡುತ್ತಿರಲಿಲ್ಲ. ವರದಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. “ನಿಮ್ಮವರ ಇದ್ದಂಗ ಕಾಣ್ತಾರ. ಮನಸ್ಸು ಗಟ್ಟಿ ಮಾಡ್ಕೊಳ್ರಿ” ಎನ್ನುವುದಷ್ಟೇ. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಅವರು ಈ ಮಾತನ್ನು ಎಷ್ಟು ಸಲ ಹೇಳಿದ್ದರೋ. ಹೇಳಿ ಒಳಗೆ ಬಂದು ನಳದ ಕೆಳಗೆ ಬಹಳ ಹೊತ್ತು ಕೈ ತೊಳೆಯುತ್ತಿದ್ದರು.

ಆ ಬೆಂಚಿನ ಮೇಲೆ ಒಂದು ಭಾನುವಾರ ನೀಲವ್ವ ಬಂದು ಕುಳಿತಳು.

ಅವಳ ಊರು ಕಾಗಿನೆಲೆಯ ಹತ್ತಿರದ ಹಳ್ಳಿ. ಮಗ ಬಸವರಾಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ತಂಗಿಯನ್ನು ಮಾತಾಡಿಸಿ ಬರುತ್ತೇನೆಂದು ಐರಣಿಗೆ ಹೋದವನು ತುಂಗಭದ್ರೆಯಲ್ಲಿ ಸ್ನಾನಕ್ಕೆ ಇಳಿದದ್ದನ್ನು ಜನ ನೋಡಿದ್ದರು. ದಡ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಬಹಳ ದಿನಗಳ ನಂತರ ಹೊಳೆಯ ಕೆಳಗಡೆ ಒಂದು ಶವ ಸಿಕ್ಕಿತು. ಮುಖ ಉಳಿದಿರಲಿಲ್ಲ. ಮೈಮೇಲೆ ಬಟ್ಟೆ ಇರಲಿಲ್ಲ. ಪೊಲೀಸರು ನೀಲವ್ವನನ್ನೂ ಅವಳ ಸೊಸೆ ರೇಣುಕಾಳನ್ನೂ ಕರೆಸಿದ್ದರು.

ನೀಲವ್ವನ ತೊಡೆಯ ಮೇಲೆ ಸುರುಳಿ ಸುತ್ತಿದ ಒಂದು ಎಕ್ಸರೇ ಇತ್ತು. ಮಗ ಹಿಂದೊಮ್ಮೆ ಚೀಲಗಳ ಅಟ್ಟಿಯ ಮೇಲಿಂದ ಬಿದ್ದು, ಕುತ್ತಿಗೆಯಿಂದ ಭುಜಕ್ಕೆ ಹೋಗುವ ಎಲುಬು ಮುರಿದುಕೊಂಡಿದ್ದ. ಬಲಗಡೆಯದು. ರಾಣೆಬೆನ್ನೂರಿನಲ್ಲಿ ತೆಗೆಸಿದ ಆ ಎಕ್ಸರೇಯನ್ನು ಅವಳು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಡಾಕ್ಟರಬಾಯಿ ಅದರ ಪ್ರತಿ ತೆಗೆಸಿಕೊಂಡು ಆಗಲೇ ಅವಳಿಗೆ ಮರಳಿಸಿದ್ದರು.

ಅಂದು ಶಿಷ್ಯರಿಗೆ ಪರೀಕ್ಷೆ. ಶವ ಮಲಗಿಸುವುದರಿಂದ ಚಿತ್ರ ಓದುವವರೆಗೆ ಎಲ್ಲವನ್ನೂ ಅವರೇ ಮಾಡಬೇಕೆಂದು ಡಾಕ್ಟರಬಾಯಿ ಹೇಳಿದ್ದರು. “ನೀವು ಒಳಗಿದ್ರ ಎಲ್ಲಾರೂ ನಿಮ್ಮ ಮುಖಾ ನೋಡ್ತಾರ. ಹೊರಗ ಕುಂದ್ರಿ” ಎಂದು ನನ್ನನ್ನು ಕಳಿಸಿಬಿಟ್ಟರು. ನಾನು ಹೋಗಿ ನೀಲವ್ವನ ಪಕ್ಕದಲ್ಲಿ ಕುಳಿತೆ.

“ಸಾಹೇಬ್ರ, ಒಳಗ ಏನ್ ಮಾಡಾಕತ್ತಾರ? ಕೊಯ್ತಾರೇನು?”

“ಇಲ್ಲವ್ವ. ಬರೇ ಫೋಟೋ ತಗೀತಾರ.”

“ಮುಖನ ಇಲ್ಲಂತ. ಯಾತರದು ಫೋಟೋ?”

“ಎಲುಬಿಂದು.”

ಸೊಸೆ ಗೋಡೆಗೆ ಒರಗಿ ನಿಂತೇ ಇದ್ದಳು. ಕುಳಿತುಕೋ ಎಂದರೆ ಬೇಡವೆಂದಳು.

ಬಾಗಿಲು ತೆರೆಯಿತು. ಡಾಕ್ಟರಬಾಯಿ ಹೊರಗೆ ಬಂದರು. ಅವರ ಮುಖ ನೋಡಿ ನನಗೆ ಆಶ್ಚರ್ಯವಾಯಿತು. ಅಂಥ ಹಗುರವಾದ ಮುಖವನ್ನು ಆ ಬಾಗಿಲಲ್ಲಿ ನಾನು ಎಂದೂ ನೋಡಿರಲಿಲ್ಲ. ಅವರು ನೀಲವ್ವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈ ಹಿಡಿದುಕೊಂಡರು.

“ಯವ್ವಾ, ನಿಮ್ಮ ಮಗಗ ಮುರಿದದ್ದು ಬಲಗಡೆ. ಒಳಗ ಇರೋರಿಗೆ ಮುರಿದದ್ದು ಎಡಗಡೆ. ಅವರ ಬಲಗಡೆ ಎಲುಬು ನೆಟ್ಟಗೈತಿ. ಇವರು ನಿಮ್ಮ ಮಗ ಅಲ್ಲ.”

ನೀಲವ್ವ ಡಾಕ್ಟರಬಾಯಿಯ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಗೋಡೆಗೆ ಒರಗಿದ್ದ ಸೊಸೆ ಜಾರಿಕೊಂಡು ನೆಲದ ಮೇಲೆ ಕುಳಿತು ಅಳತೊಡಗಿದಳು.

ಡಿಎನ್‌ಎ ವರದಿಯ ಮಾತನ್ನು ಅಂದು ಅವರು ಎತ್ತಲಿಲ್ಲ. ಅತ್ತೆ ಸೊಸೆ ಹೋದ ಮೇಲೆ ನಾನು ಕೇಳಿದೆ, “ಮೇಡಂ, ವರದಿ ಬರೋತನಕ ತಡೀಬೇಕಿತ್ತಲ್ರಿ?”

“ಈ ಬೆಂಚಿನ ಮ್ಯಾಲ ಕುಂತೋರಿಗೆ ನಾ ಒಮ್ಮಿನೂ ಅಲ್ಲ ಅಂದಿಲ್ರಿ ಸುಬೇದಾರ್ರ,” ಎಂದರು. “ಇವತ್ತರ ಅಂದೆ. ನನ್ನ ಪಾಲಿಗೆ ಇಷ್ಟ ಇರಲಿ ಬಿಡ್ರಿ.”

ಅಂದು ಅವರು ಶಿಷ್ಯರಿಗೆಲ್ಲ ಮಿರ್ಚಿ, ಮಂಡಕ್ಕಿ ತರಿಸಿದರು.

ಅದಾದ ಎರಡನೆಯ ಭಾನುವಾರ ಪಾಠ ಶುರುವಾಗುವ ಮುನ್ನ ನಾವಿಬ್ಬರೇ ಇದ್ದೆವು. ಹೊಸ ತಂಡಕ್ಕೆ ತೋರಿಸಲು ಅವರು ಹಳೆಯ ಚಿತ್ರಗಳನ್ನು ಆರಿಸುತ್ತಿದ್ದರು. ನದಿಯ ಶವದ ಚಿತ್ರ ಬಂತು. ತಲೆಯಿಂದ ಕೆಳಕ್ಕೆ ಒಂದೊಂದೇ ಪದರ ಸರಿಸುತ್ತ ಹೋದರು. ಪಾದ ಬಂದಾಗ ಕೈ ನಿಂತಿತು. ಮಡಚಿದ್ದ ಕಾಲುಗಳನ್ನು ಕುರ್ಚಿಯಿಂದ ಕೆಳಗಿಳಿಸಿದರು.

“ಸುಬೇದಾರ್ರ, ಇಲ್ಲಿ ನೋಡ್ರಿ. ಹಿಮ್ಮಡದ ಕೆಳಗ ಇದೇನು?”

ನಾನು ನೋಡಿದೆ. ಅರ್ಧಚಂದ್ರದ ಹಾಗೆ ತೆಳ್ಳಗಿನ ಗೆರೆ. ನಮ್ಮ ಪ್ಲಾಸ್ಟಿಕ್ ತೊಟ್ಟಿಲು.

“ತಲಿ ಇಡೋ ತೊಟ್ಟಿಲ್ರಿ.”

“ತಲಿ ಇಡೋದರಾಗ ಹಿಮ್ಮಡ ಅದಾವು. ಅಂದ್ರ ಕಾಲು ಮುಂದ ಹೋಗ್ಯಾವು. ಮಷೀನಿಗೆ ಏನ್ ಹೇಳ್ಯಾರ ನೋಡ್ರಿ.”

ನೋಡುವ ಅಗತ್ಯವೇ ಇರಲಿಲ್ಲ. ತಲೆ ಮುಂದೆ ಎಂದಿತ್ತು. ಹಿಂದಿನ ಸಂಜೆ ಬದುಕಿದ್ದ ರೋಗಿಗೆ ಹಾಕಿದ್ದು ಹಾಗೆಯೇ ಉಳಿದಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಗದಗ ಕಡೆಯ ಆ ಡಾಕ್ಟರು ಬದಲಿಸಿರಲಿಲ್ಲ. ಪರದೆಯ ಮೇಲೆ ಚಿತ್ರ ತಲೆಕೆಳಗಾಗಿ ಕಂಡಾಗ ಅದನ್ನು ಕೈಯಿಂದ ತಿರುಗಿಸಿ ನೆಟ್ಟಗೆ ನಿಲ್ಲಿಸಿದ್ದರು, ಪಕ್ಕದ ಅಕ್ಷರಗಳನ್ನು ನಂಬಿದ್ದರು. ಎಡವೆಂದು ಬರೆದದ್ದು ಬಲ, ಬಲವೆಂದು ಬರೆದದ್ದು ಎಡ. ಹೊಟ್ಟೆಯ ಅಂಗಗಳು ಉಳಿದಿದ್ದರೆ ಯಕೃತ್ತು ಯಾವ ಕಡೆಗಿದೆ ನೋಡಿ ತಪ್ಪು ಹಿಡಿಯಬಹುದಿತ್ತು. ನೀರಿನಲ್ಲಿ ಅಷ್ಟು ದಿನ ಇದ್ದ ಶವ, ಒಳಗೆಲ್ಲ ಕರಗಿಹೋಗಿತ್ತು. ಡಾಕ್ಟರಬಾಯಿಯೂ ಅಕ್ಷರ ನೋಡಿಯೇ ಸಹಿ ಮಾಡಿದ್ದರು.

ಅವರು ಚಿತ್ರದ ಎಡ, ಬಲದ ಅಕ್ಷರಗಳನ್ನು ಸರಿಪಡಿಸಿ, ನೀಲವ್ವನ ಎಕ್ಸರೇಯ ಪ್ರತಿಯನ್ನು ಪಕ್ಕದಲ್ಲಿಟ್ಟರು. ಎಲುಬು ಕೂಡಿಕೊಂಡ ಗಂಟು, ಅದರ ಕೆಳಗಿನ ಸಣ್ಣ ಕೊಕ್ಕೆ, ಎರಡರಲ್ಲೂ ಒಂದೇ. ನನಗೂ ತಿಳಿಯುವಷ್ಟು ಒಂದೇ.

ಅವರು ಬಾಯಲ್ಲಿದ್ದ ಲವಂಗವನ್ನು ಕೈಗೆ ತೆಗೆದುಕೊಂಡು ನೋಡುತ್ತ ಕುಳಿತರು.

ಸುದ್ದಿ ಕೇಳಿ ಗದಗ ಕಡೆಯ ಡಾಕ್ಟರು ಬಿಕ್ಕಿಬಿಕ್ಕಿ ಅತ್ತರು. “ನನ್ನಿಂದ ಆತ್ರಿ ಮೇಡಂ” ಎಂದರೆ, “ಸಹಿ ನಂದೈತಿ, ಅಳೂದು ನನ್ನ ಪಾಳಿ. ನೀ ಹೋಗಿ ಮುಖಾ ತೊಳಕೋ” ಎಂದರು. ಮೇಲಿನವರು ಹೇಳಿದ್ದು ಬೇರೆ. ಶವ ಶೀತಲ ಕೋಣೆಯಲ್ಲೇ ಇದೆ, ಡಿಎನ್‌ಎ ವರದಿ ಹೇಗೂ ಬರುತ್ತದೆ, ಅದು ಬಂದಾಗ ಒಮ್ಮೆಲೇ ತಿಳಿಸೋಣ, ಈಗ ಹೇಳಿದರೆ ಆಸ್ಪತ್ರೆಯ ಹೆಸರು, ನಿಮ್ಮ ತರಬೇತಿ ಎರಡೂ ಕೆಡುತ್ತವೆ. ಆ ಮಾತಿನಲ್ಲಿ ಲೆಕ್ಕ ಇತ್ತು ಎಂದು ಇಂದಿಗೂ ನನಗೆ ಅನಿಸುತ್ತದೆ. ಡಾಕ್ಟರಬಾಯಿ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲೀತನಕ ಆಕಿ ದಿನಾ ಬಾಗಲಾ ನೋಡ್ಕೋತ ಕುಂದರ್ಲೇನ್ರಿ?”

ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಆಸ್ಪತ್ರೆಯ ಗಾಡಿ ಕೇಳಲು ಅವರಿಗೆ ಮನಸ್ಸಾಗಲಿಲ್ಲ. ಹಳ್ಳಿಯಲ್ಲಿ ಇಳಿದ ಕೂಡಲೇ ಜನ ಗುರುತು ಹಿಡಿದರು. “ಬಸು ಜೀವಂತ ಅದಾನ ಅಂತ ಹೇಳಿದ ಡಾಕ್ಟರಬಾಯಿ ಇವರ ನೋಡ್ರಿ” ಎಂದು ಒಬ್ಬಳು ಕೂಗಿ ಹೇಳಿದಳು. ನೀಲವ್ವ ಮನೆಯಿಂದ ಹೊರಗೆ ಬಂದವಳು ಮತ್ತೆ ಒಳಗೋಡಿ, ಹಿಡಿ ಸಕ್ಕರೆ ತಂದು ಡಾಕ್ಟರಬಾಯಿಯ ಬಾಯಿಗೆ ಹಾಕಲು ಹೋದಳು.

“ಸಿಕ್ಕನೇನು? ನನಗ ಗೊತ್ತಿತ್ತು, ನೀನ ಹುಡುಕಿ ಕೊಡ್ತೀದಿ ಅಂತ.”

ಡಾಕ್ಟರಬಾಯಿ ಅವಳ ಕೈ ಹಿಡಿದು ಕೆಳಗಿಳಿಸಿದರು.

“ಯವ್ವಾ, ಅವತ್ತು ನಾ ಹೇಳಿದ್ದು ತಪ್ಪು.”

“ಯಾವುದು?”

“ಅಲ್ಲ ಅಂದದ್ದು. ನಾ ಎಡಾ ಬಲಾ ತಪ್ಪಿದೆ. ನಮ್ಮ ಹತ್ರ ಇರೋದು ನಿಮ್ಮ ಬಸುನ.”

ಸೊಸೆಗೆ ಮೊದಲು ಅರ್ಥವಾಯಿತು. ಅವಳ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು. ಡಾಕ್ಟರಬಾಯಿ ಎರಡೂ ಚಿತ್ರಗಳನ್ನು ಬಾಗಿಲ ಬೆಳಕಿಗೆ ಹಿಡಿದು, ಈ ಗಂಟು ನೋಡಿ, ಈ ಕೊಕ್ಕೆ ನೋಡಿ ಎಂದು ತೋರಿಸಿದರು. ಸೊಸೆ ನೋಡಿದಳು, ತಲೆಯಾಡಿಸಿದಳು. ನೀಲವ್ವ ಚಿತ್ರದ ಕಡೆ ಕಣ್ಣೆತ್ತಲಿಲ್ಲ. ಡಾಕ್ಟರಬಾಯಿಯ ಮುಖವನ್ನೇ ನೋಡುತ್ತಿದ್ದಳು.

“ಯಾರು ಹಿಂಗ ಹೇಳು ಅಂತ ಹೇಳ್ಸ್ಯಾರ ನಿನಗ? ಪೊಲೀಸರೇನು?”

“ಯಾರೂ ಹೇಳ್ಸಿಲ್ಲವ್ವ. ನಂದ ತಪ್ಪು.”

“ಅವತ್ತು ನನ್ನ ಕೈ ಹಿಡಕೊಂಡು ಹೇಳೀದಿ. ಆವಾಗ ನಿನ್ನ ಕಣ್ಣಾಗ ಸುಳ್ಳ ಇರಲಿಲ್ಲ.”

“ಸುಳ್ಳ ಇರಲಿಲ್ಲ. ತಪ್ಪಿತ್ತು.”

“ಇವತ್ತು ತಪ್ಪಿಲ್ಲಂತ ಹ್ಯಾಂಗ ಹೇಳ್ತೀದಿ?”

ಇದಕ್ಕೆ ಡಾಕ್ಟರಬಾಯಿಯ ಬಳಿ ಉತ್ತರವಿತ್ತು, ಕೈಯಲ್ಲೇ ಹಿಡಿದಿದ್ದರು. ಆದರೆ ಕೇಳಿದವಳು ಚಿತ್ರದ ಬಗ್ಗೆ ಕೇಳಿರಲಿಲ್ಲ. ಅವರು ತಲೆ ತಗ್ಗಿಸಿದರು.

ರೇಣುಕಾ ತನ್ನ ಅಣ್ಣನನ್ನು ಕರೆದುಕೊಂಡು ಹಾವೇರಿಗೆ ಬಂದು ಶವ ತೆಗೆದುಕೊಂಡು ಹೋದಳು. ಊರಿನವರು ಮಣ್ಣು ಮಾಡಿದರು. ನೀಲವ್ವ ಹೊರಗೆ ಬರಲಿಲ್ಲ. ಯಾರನ್ನೋ ತಂದು ಹೂಳುತ್ತಿದ್ದಾರೆ, ಪುಣ್ಯದ ಕೆಲಸ, ಮಾಡಲಿ ಎಂದಳಂತೆ. ಮುಂದೆ ಡಿಎನ್‌ಎ ವರದಿಯೂ ಬಂತು. ಬಸವರಾಜನೇ ಎಂದಿತ್ತು. ಡಾಕ್ಟರಬಾಯಿ ಅದನ್ನೂ ತಾವೇ ಒಯ್ದರು. “ನನಗ ಓದಾಕ ಬರೂದಿಲ್ಲ, ಒಳಗಿಡು” ಎಂದು ನೀಲವ್ವ ಅದನ್ನು ಸೊಸೆಯ ಕೈಗೆ ಕೊಡಿಸಿದಳು.

ತರಬೇತಿ ನಿಲ್ಲಲಿಲ್ಲ. ಪ್ರತಿ ಹೊಸ ತಂಡಕ್ಕೆ ಅವರು ತೋರಿಸುತ್ತಿದ್ದ ಮೊದಲ ಚಿತ್ರವೇ ತೊಟ್ಟಿಲಲ್ಲಿನ ಹಿಮ್ಮಡದ್ದು. ಯಾರ ಶವ ಎಂದು ಹೇಳುತ್ತಿರಲಿಲ್ಲ, ಯಾರ ತಪ್ಪು ಎಂದು ಹೇಳುತ್ತಿದ್ದರು. ಎಕ್ಸರೇಗೆ ಬಳಸುವ, ಬಲಗಡೆ ಎಂದು ತೋರಿಸುವ ಸೀಸದ ಅಕ್ಷರವನ್ನು ಶವದ ಚೀಲದ ಬಲಭುಜದ ಮೇಲೆ ಅಂಟಿಸುವ ಕ್ರಮ ತಂದರು. ಈಗಲಾದರೂ ಶವಗಳನ್ನು ತಲೆ ಮುಂದಾಗಿ ಮಲಗಿಸೋಣ ಎಂದು ನಾನು ಹೇಳಿ ನೋಡಿದೆ. ಒಪ್ಪಲಿಲ್ಲ. “ಆಳುಗಳದೇನು ತಪ್ಪು ಅದರಾಗ? ಅವರು ತಮ್ಮ ಕೆಲಸ ಬರೋಬರಿ ಮಾಡ್ಯಾರ” ಎಂದರು. ಶಿಷ್ಯರು ಕಲಿತು ತಮ್ಮ ತಮ್ಮ ಜಿಲ್ಲೆಗಳಿಗೆ ಹೋದರು. ಗದಗ ಕಡೆಯವರು ಈಗ ಬೇರೆಯವರಿಗೆ ಕಲಿಸುತ್ತಿದ್ದಾರೆ. ಹುಡುಗಾಟ ಬಿಟ್ಟಿದ್ದಾರೆಂದು ಕೇಳಿದ್ದೇನೆ.

ನಿವೃತ್ತಿಯಾಗಿ ಧಾರವಾಡಕ್ಕೆ ಹೋದ ಮೇಲೂ ಡಾಕ್ಟರಬಾಯಿ ಆಗಾಗ ಭಾನುವಾರ ಪಾಠಕ್ಕೆ ಬರುತ್ತಿದ್ದರು. ಮುಗಿದ ಮೇಲೆ ಕಾಗಿನೆಲೆಯ ಬಸ್ಸು ಹಿಡಿಯುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ನೀಲವ್ವ ಅವರನ್ನು ಕಂಡರೆ ಮಗಳು ತವರಿಗೆ ಬಂದಷ್ಟು ಹಿಗ್ಗುತ್ತಿದ್ದಳು. ಊರಲ್ಲಿ ಎಲ್ಲರೂ ಬಸು ಸತ್ತನೆಂದರು, ಮೊದಲು ಅಲ್ಲ ಎಂದವಳು ಇವಳೊಬ್ಬಳೇ ಎಂಬುದು ಅವಳ ಮನಸ್ಸಿನಲ್ಲಿ ಕಲ್ಲಾಗಿ ಕೂತಿತ್ತು. ಆಮೇಲೆ ಹೇಳಿದ್ದೆಲ್ಲ ಯಾರದೋ ಒತ್ತಾಯ. ತಮ್ಮ ತಪ್ಪಿಗಾಗಿ ಒಬ್ಬರು ತಮ್ಮನ್ನು ಇಷ್ಟು ಪ್ರೀತಿಸುವುದನ್ನು ಡಾಕ್ಟರಬಾಯಿ ಕುಳಿತು ಸಹಿಸುತ್ತಿದ್ದರು. ಹೊರಡುವಾಗ ಪ್ರತಿ ಸಲ ಒಂದು ಮಾತು ಹೇಳಿಯೇ ಹೇಳುತ್ತಿದ್ದರು.

“ಯವ್ವಾ, ಬಸು ತೀರಿಕೊಂಡಾನ. ನಾ ಕಣ್ಣಾರೆ ನೋಡೇನಿ.”

“ಹೂಂ. ಬಸ್ಸು ತಪ್ಪೀತು, ಹೋಗಿ ಬಾ.”

ಒಮ್ಮೆ ರೇಣುಕಾ ನಮ್ಮ ಹಿಂದೆಯೇ ಬಸ್ ನಿಲ್ದಾಣದವರೆಗೆ ಬಂದಳು.

“ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಬರೂದು ಬ್ಯಾಡ್ರಿ. ನೀವು ಬಂದು ಹೋದಾಗೊಮ್ಮಿ ಅತ್ತಿ ಮತ್ತ ನಮ್ಮ ಮನಿಯವರ ಊಟದ ಗಂಗಾಳಾ ತೊಳೆದಿಡ್ತಾರ. ನಾ ಕೈಬಳಿ ತಗದ್ರ ಸಿಟ್ಟಾಗ್ತಾರ, ಹಾಕ್ಕೊಂಡ್ರ ಓಣ್ಯಾಗಿನ ಮಂದಿ ನಗ್ತಾರ. ನಾ ಯಾವ ಕಡೆ ನಿಂದ್ರಲ್ರಿ?”

ಡಾಕ್ಟರಬಾಯಿ ಕೆಲವು ತಿಂಗಳು ಹೋಗುವುದನ್ನು ಬಿಟ್ಟರು. ಬರದಿದ್ದಾಗ ನೀಲವ್ವ ಊಟ ಬಿಟ್ಟಳೆಂದು ರೇಣುಕಾಳೇ ಫೋನು ಮಾಡಿ ಕರೆದಳು. ಮತ್ತೆ ಹೋದರು. ಹೋದರೂ ತಪ್ಪು, ಬಿಟ್ಟರೂ ತಪ್ಪು ಎನ್ನುವಂತಾಯಿತು. ಮೇಲಿನವರ ಮಾತಿನಂತೆ ವರದಿ ಬರುವವರೆಗೆ ಕಾದಿದ್ದರೆ ನೀಲವ್ವ ನಂಬುತ್ತಿದ್ದಳೇ? ಗೊತ್ತಿಲ್ಲ. ಆ ಪ್ರಶ್ನೆಯನ್ನು ನಾನು ಅವರಿಗೆ ಒಮ್ಮೆಯೂ ಕೇಳಲಿಲ್ಲ. ಕೇಳಬಾರದೆಂದಲ್ಲ. ಅವರು ತಮ್ಮನ್ನು ತಾವೇ ದಿನವೂ ಕೇಳಿಕೊಳ್ಳುತ್ತಿದ್ದದ್ದು ಕಾಣುತ್ತಿತ್ತು.

ಕಳೆದ ವರ್ಷ ಅವರಿಗೆ ಕಾಯಿಲೆ ಹಿಡಿಯಿತು. ಬರುವುದು ಕಡಿಮೆಯಾಯಿತು, ನಿಂತಿತು. ಆಷಾಢದ ಕೊನೆಗೆ ತೀರಿಕೊಂಡರು.

ನೀಲವ್ವನಿಗೆ ಯಾರಾದರೂ ಹೇಳಬೇಕಿತ್ತು. ನಾಗರ ಪಂಚಮಿ ಮುಗಿದ ಮೇಲೆ ನಾನು ಹೋದೆ. ಅವಳು ಪಡಸಾಲೆಯಲ್ಲಿ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ರೇಣುಕಾ ಒಳಬಾಗಿಲಲ್ಲಿ ನಿಂತಳು. ದಾರಿಯಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಕುಳಿತವನೇ ಹೇಳಿಬಿಟ್ಟೆ.

“ಅವ್ವಾ, ಡಾಕ್ಟರಬಾಯಿ ತೀರಿಕೊಂಡ್ರು.”

ಮೊರದ ಮೇಲೆ ಅವಳ ಕೈ ನಿಂತಿತು.

“ಯಾವಾಗ?”

“ಪಂಚಮಿ ಮುಂಚೆ. ಧಾರವಾಡದಾಗ.”

“ನೀವು ಹೋಗಿದ್ರೇನು?”

“ಇಲ್ಲವ್ವ. ಎಲ್ಲಾ ಮುಗದ ಮ್ಯಾಲ ನನಗ ಫೋನು ಬಂತು.”

“ಮುಖಾ ನೋಡಿಲ್ಲ?”

“ಇಲ್ಲ.”

ಅವಳು ಮತ್ತೆ ಕಾಳು ಆರಿಸತೊಡಗಿದಳು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ.

“ನೋಡಲಾರದ್ದು ಗಟ್ಟಿ ಹೇಳಬ್ಯಾಡ್ರಿ ಸಾಹೇಬ್ರ. ಮಂದಿ ಏನರ ಅಂತಾರ.”

ಎದ್ದು ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದಳು. ಮುಚ್ಚಳ ತೆಗೆದು ತೋರಿಸಿದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು.

“ಪಂಚಮಿಗೆ ಬರ್ತಾಳಂತ ಅಕಿ ಪಾಲು ತಗದಿಟ್ಟಿದ್ದೆ. ಅಕಿಗೆ ಆರಾಮ ಇದ್ದಂಗಿಲ್ಲ. ನೀವು ಧಾರವಾಡಕ್ಕ ಹೋದ್ರ ಕೊಡ್ರಿ. ಡಬ್ಬಿ ವಾಪಸ್ ತಂದು ಕೊಡು ಅಂತ ಹೇಳ್ರಿ. ಅದರ ನೆವದಿಂದ ಬರ್ತಾಳ.”

ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಬೇಕಿತ್ತು. ಡಾಕ್ಟರಬಾಯಿಯಾಗಿದ್ದರೆ ಹೇಳಿಯೇ ಎದ್ದಿರುತ್ತಿದ್ದರು.

ನಾನು ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡೆ.

“ಕೊಡ್ತೀನವ್ವ,” ಎಂದೆ.